ನಾಲ್ಕನೆಯ ಚಿಟಿಕೆ

ಛಿಂಗ್‌ಮಿಂಗ್ ಎಂಬ ಗೋರಿ ಗುಡಿಸುವ ಹಬ್ಬದ ಆ ಮುಂಜಾನೆ ಮಳೆ ಬೀಳುತ್ತಲೂ ಇರಲಿಲ್ಲ, ಬಿಟ್ಟೂ ಇರಲಿಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಇಳಿದು, ಶಿಲಿಂಗ್ ಊರಿನ ಹಿಂದಿನ ಗೋರಿಗುಡ್ಡದ ಮೇಲೆ ಬಿಳಿ ಮಂಜಾಗಿ ತೂಗುತ್ತಿತ್ತು. ಬಿದಿರುಮೆಳೆಗಳಿಂದ ಹನಿ ತೊಟ್ಟಿಕ್ಕುವ ಸದ್ದು. ಒದ್ದೆ ಮಣ್ಣಿನ, ಕೊಳೆತ ಎಲೆಯ, ಮಾಚಿಪತ್ರೆ ಸೊಪ್ಪಿನ ವಾಸನೆ. ಹೊಗೆಯ ವಾಸನೆ ಮಾತ್ರ ಇರಲಿಲ್ಲ. ಹಿಂದಿನ ಸಂಜೆಯಿಂದ ಊರಿನ ಯಾವ ಮನೆಯಲ್ಲೂ ಒಲೆ ಹೊತ್ತಿರಲಿಲ್ಲ.

ಬೋ ತಾತ ಸೂ ಮನೆಯ ಹೊಸ್ತಿಲ ಹೊರಗೇ ನಿಂತು ಅರಗಿನ ಪೆಟ್ಟಿಗೆಯೊಂದನ್ನು ಮುಂದೆ ಚಾಚಿದ. ಐವತ್ತು ವರ್ಷ ಆ ಗುಡ್ಡದ ಗೋರಿಕಲ್ಲುಗಳ ಅಕ್ಷರಗಳಿಗೆ ಹಬ್ಬ ಹಬ್ಬಕ್ಕೂ ಬಣ್ಣ ತುಂಬಿದ ಕೈ ಅದು. ಈಗ ಪೆಟ್ಟಿಗೆಯ ಮುಚ್ಚಳ ಅದರ ನಡುಕಕ್ಕೆ ಕಟಕಟ ಅನ್ನುತ್ತಿತ್ತು. ಹಾಗಾಗಿ ಈ ವರ್ಷ ಕುಂಚ ಹಿಡಿಯುವ ಸರದಿ ದೆಯಾನನದು. ಪಾಂಗ್ ದೆಯಾನ್ ಪೇಟೆಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು. ಹೋದ ವರ್ಷ ಸೂ ಮನೆಯ ಒಬ್ಬಳೇ ಮಗಳು ರೂಯಿನ್‌ಳನ್ನು ಮದುವೆಯಾಗಿ ಮನೆಅಳಿಯನಾಗಿ ಬಂದವನು.

"ಕೇಳು ಮನೆಅಳಿಯ," ಎಂದ ತಾತ. "ಕಲ್ಲಲ್ಲಿ ಮನೆಯೋರೆಲ್ಲರ ಹೆಸರೂ ಐತೆ. ಬದುಕಿರೋರ ಹೆಸರಿಗೆ ಕೆಂಪು, ಸತ್ತೋರ ಹೆಸರಿಗೆ ಕಪ್ಪು. ಕೆಂಪು ಸತ್ತೋನಿಗೆ ಹೋಗಬಾರದು, ಕಪ್ಪು ಬದುಕಿರೋನಿಗೆ ತಾಗಬಾರದು. ಕಮ್ಮಿ ಬಿದ್ರೆ ಜಾಗ ಖಾಲಿ ಬಿಟ್ಟು ಬಾ. ಬದಲಿ ಮಾತ್ರ ಹಾಕಬೇಡ."

ದೆಯಾನ್ ಪೆಟ್ಟಿಗೆ ತೆರೆದ. ಒಂದು ಕಡೆ ಮಸಿಯ ಉಂಡೆ. ಇನ್ನೊಂದು ಕಡೆ ಇಂಗಲೀಕದ ಕೆಂಪು ಪುಡಿ, ಕಾಗದದ ಮೇಲೆ ಬೇರೆಬೇರೆಯಾಗಿ ನಾಲ್ಕು ಚಿಟಿಕೆ.

"ಮನೇಲಿ ಇರೋದು ಅತ್ತೆ, ರೂಯಿನ್, ನಾನು. ಮೂರೇ ಜನ. ನಾಲ್ಕನೇದು ಯಾರಿಗೆ ತಾತ, ಬೆಕ್ಕಿಗಾ?"

"ಹೆಂಡ್ತಿ ಹೊಟ್ಟೇಲಿ ಎಂಟು ತಿಂಗಳಿಂದ ಕೂತಿರೋದನ್ನ ಯಾರು ಎಣಿಸ್ತಾರೆ? ನಿಮ್ಮಪ್ಪ ಬರ್ತಾನಾ?" ತಾತ ನಗಲಿಲ್ಲ. "ಕಲ್ಲಿನ ಕೆಳಗಡೆ ಖಾಲಿ ಜಾಗ ಐತೆ. ಅಲ್ಲಿ ಒಂದು ಚುಕ್ಕಿ ಇಡು. ಕೆಂಪು ಚುಕ್ಕಿ."

"ಹುಟ್ಟದೇ ಇರೋನಿಗೂ ಗೋರಿ ಮೇಲೆ ಜಾಗ! ಪೇಟೇಲಿ ಇಷ್ಟು ಮುಂಚೆ ಬಸ್ಸಲ್ಲೂ ಸೀಟ್ ಹಿಡಿಯಲ್ಲ."

ತಾತ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಅದುಮಿಕೊಂಡ. "ಈ ಮಸಿ ಗೋರಿ ಮುಂದೆ ಸುಟ್ಟ ಕಾಗದದ ಬೂದಿ. ನನ್ನಜ್ಜ ಇದನ್ನ ತಮ್ಮನ ಹೆಸರಿಗೆ ಬಳಿದ. ತಮ್ಮ ಗದ್ದೇಲಿ ನಾಟಿ ಹಾಕ್ತಿದ್ದ, ಗಟ್ಟಿಮುಟ್ಟಾಗಿದ್ದ. ಸಾಯಂಕಾಲ ಒಲೆ ಹೊತ್ತೋ ಹೊತ್ತಿಗೆ ಸತ್ತ. ಮಾಟ ಮಾಡೋನಿಗೆ ಬೊಂಬೆ ಬೇಡ, ಮೊಳೆ ಬೇಡ. ಈ ಗುಡ್ಡದಲ್ಲಿ ಬಣ್ಣವೇ ಸಾಕು. ಈ ನಡುಕ ನೋಡು. ಅಜ್ಜ ನಮ್ಮ ಮನೆಗೆ ಬಿಟ್ಟುಹೋದ ಆಸ್ತಿ."

"ತಾತ, ನಮ್ಮಪ್ಪನ ಗೋರಿ ಅಣೆಕಟ್ಟಿನ ನೀರಿನಡಿ ಐತೆ. ಎಂಟು ವರ್ಷದಿಂದ ಒಬ್ಬರೂ ಗುಡಿಸಿಲ್ಲ, ಒಂದು ಕಾಗದ ಸುಟ್ಟಿಲ್ಲ. ಅವನೇನಾದ್ರೂ ಬಂದು ನನ್ನ ಕತ್ತು ಹಿಡಿದನಾ? ಸತ್ತೋರು ಸತ್ತೋರೇ."

ತಾತ ಅವನನ್ನೇ ನೋಡಿದ. ಆಮೇಲೆ ಬೆನ್ನು ತಿರುಗಿಸಿ ನಡೆದ.

ಒಳಗೆ ಕ್ವೇ ಅತ್ತೆ ಬುಟ್ಟಿ ಕಟ್ಟುತ್ತಿದ್ದಳು. ಮಾಚಿಪತ್ರೆ ರಸದ ಹಸಿರು ಉಂಡೆಗಳು, ತಣ್ಣನೆಯ ಅನ್ನ, ಹಳದಿ ಕಾಗದದ ಕಟ್ಟು, ಗೋರಿ ಗುಡಿಸುವ ಪೊರಕೆ. ಕೆಟ್ಟದ್ದು ಒಳಗೆ ಬಾರದಿರಲೆಂದು ಬಾಗಿಲ ಮೇಲೆ ನೀರಂಜಿ ಮರದ ಚಿಗುರು ಸಿಕ್ಕಿಸಿತ್ತು.

"ಒಂದು ಲೋಟ ಬಿಸಿನೀರಾದರೂ, ಅತ್ತೆ?"

"ಇವತ್ತು ಒಬ್ಬ ಸುಟ್ಟುಹೋದ ದಿನ ಕಣಪ್ಪ. ತಣ್ಣಗೆ ತಿಂದರೆ ಸಾಯಲ್ಲ ನೀನು."

ಕತೆ ಅವನಿಗೂ ಗೊತ್ತಿತ್ತು. ದೇಶಾಂತರ ಅಲೆಯುತ್ತ ಹಸಿದ ರಾಜಕುಮಾರನಿಗೆ ಸೇವಕನೊಬ್ಬ ತನ್ನ ತೊಡೆಯ ಮಾಂಸ ಕೊಯ್ದು ಬೇಯಿಸಿ ಉಣಿಸಿದ. ಕುಮಾರ ರಾಜನಾದ, ಎಲ್ಲರಿಗೂ ಉಡುಗೊರೆ ಕೊಟ್ಟ, ಅವನೊಬ್ಬನನ್ನು ಮರೆತ. ಸೇವಕ ಮುದಿ ತಾಯಿಯನ್ನು ಹೊತ್ತು ಬೆಟ್ಟ ಸೇರಿದ. ನೆನಪಾದ ಮೇಲೆ ರಾಜ ಹುಡುಕಿಸಿದ. ಸಿಗದಿದ್ದಾಗ, ಹೊರಗೆ ಬಂದಾನೆಂದು ಬೆಟ್ಟಕ್ಕೆ ಮೂರು ಕಡೆಯಿಂದ ಬೆಂಕಿಯಿಡಿಸಿದ. ಅವನು ಬರಲಿಲ್ಲ. ಬೂದಿಯಲ್ಲಿ ಸಿಕ್ಕಿದ್ದು ನೀರಂಜಿ ಮರಕ್ಕೆ ಒರಗಿದ ಮಗ, ಅವನ ಬೆನ್ನ ಮೇಲೆ ತಾಯಿ. ಅಂದಿನಿಂದ ಒಂದು ದಿನ ಒಲೆ ಹೊತ್ತಿಸುವುದಿಲ್ಲ. ತಡವಾಗಿ ಬಂದ ನೆನಪು ಬೆಂಕಿಯಷ್ಟೇ ಸುಡುತ್ತದೆ ಎಂದು ಹಿರಿಯರಿಗೆ ತಿಳಿದಿತ್ತು. ಬೆಂಕಿ ಆರಿರುವಷ್ಟು ಹೊತ್ತು ತೀರಿಹೋದವರು ಮನೆಯ ಹತ್ತಿರವೇ ಇರುತ್ತಾರೆ ಎಂಬುದೂ ತಿಳಿದಿತ್ತು.

"ಮರೆತವನು ರಾಜ. ತಣ್ಣಗೆ ತಿನ್ನೋನು ಮಾತ್ರ ನಾನು," ಎಂದ ದೆಯಾನ್.

"ಬಾಯಿಗೊಂದು ಬೀಗ ತಂದುಕೊಡು ರೂಯಿನ್, ನಿನ್ನ ಗಂಡನಿಗೆ!"

ರೂಯಿನ್ ಹಾಸಿಗೆಯಲ್ಲೇ ಒರಗಿ ನಕ್ಕಳು. ಬಸುರಿಯರು ಗೋರಿಗುಡ್ಡ ಹತ್ತುವಂತಿಲ್ಲ. ಗಂಡನ ಕೈ ಎಳೆದು ಹೊಟ್ಟೆಯ ಮೇಲಿಟ್ಟಳು. ಒಳಗಿನಿಂದ ಒಂದು ಒದೆ ಬಿತ್ತು. "ನೋಡು, ಬೈತಿದೆ ನಿನಗೆ," ಎಂದಳು.

*

ಗುಡ್ಡದ ಮೇಲೆ ಕ್ವೇ ಅತ್ತೆ ಗಂಡನ ಗೋರಿಯ ಹುಲ್ಲು ಕೊಯ್ದಳು, ಹೊಸ ಮಣ್ಣು ಹಾಕಿದಳು. ನೆತ್ತಿಯ ಮೇಲೆ ಹಳದಿ ಕಾಗದವಿಟ್ಟು ಹೆಂಟೆ ಒತ್ತಿದಳು: ಈ ಗೋರಿಗೆ ಕೇಳುವವರಿದ್ದಾರೆ ಎಂಬ ಗುರುತು. ಕೋಲಿನಿಂದ ನೆಲದ ಮೇಲೆ ಸುತ್ತುಗೆರೆ ಎಳೆದು, ಗೋರಿಯ ಕಡೆ ಬಾಗಿಲಷ್ಟು ಬಿಟ್ಟು, ಒಳಗೆ ಕಾಗದದ ನೋಟುಗಳನ್ನು ಸುಟ್ಟಳು. ಇವತ್ತಿನ ದಿನ ಬೆಂಕಿ ತೀರಿಹೋದವರಿಗೆ ಮಾತ್ರ. ಕೊನೆಗೆ ನಾಲ್ಕು ಹಾಳೆಗಳನ್ನು ಗೆರೆಯ ಹೊರಗೆ ಎಸೆದಳು.

"ಇದು ಯಾರಿಗೆ?"

"ಹೆಸರಿಲ್ಲದೋರಿಗೆ. ಕರೆಯೋರಿಲ್ಲದೆ ಅಲೀತಾರಲ್ಲ, ಅವರಿಗೆ. ನೀನು ಬಣ್ಣ ಮುಗಿಸು, ನಾನು ಮೇಲಿನ ಹಿರಿಯರ ಗೋರಿ ಗುಡಿಸಿ ಬರ್ತೀನಿ."

ದೆಯಾನ್ ಒಬ್ಬನೇ ಉಳಿದ. ಮಾವನ ಹೆಸರಿಗೆ ಕಪ್ಪು ತುಂಬಿದ. ಅದರ ಪಕ್ಕದಲ್ಲಿ, ಮುಂದೊಂದು ದಿನ ಅಲ್ಲೇ ಮಲಗಬೇಕಾದ ಅತ್ತೆಯ ಹೆಸರಿಗೆ ಕೆಂಪು. ಕೆಳಗೆ ರೂಯಿನ್, ಕೆಂಪು. ಅದರ ಪಕ್ಕ ತನ್ನ ಹೆಸರು, ಕೆಂಪು. ಒಂದೊಂದು ಹೆಸರಿಗೂ ಒಂದು ಚಿಟಿಕೆ ಕರಾರುವಾಕ್ಕಾಗಿ ಮುಗಿಯಿತು. ನಾಲ್ಕನೆಯದು ಉಳಿಯಿತು.

ಆಗ ಮಂಜು ಒಂದು ಕಡೆ ಹರಿಯಿತು. ಕೆಳಗೆ, ದೂರದಲ್ಲಿ, ಅಣೆಕಟ್ಟಿನ ನೀರು ಸತ್ತ ಮೀನಿನ ಹೊಟ್ಟೆಯಂತೆ ಹೊಳೆಯಿತು.

ಅದರಡಿ ಪಾಂಗ್ ಊರಿತ್ತು. ಅಪ್ಪ ಅಲ್ಲಿ ಮರದ ಬಕೆಟ್ಟು ಮಾಡುತ್ತಿದ್ದ. ಪಕ್ಕದ ಮನೆಯಿಂದ ಒಂದು ಹಿಡಿ ಉಪ್ಪು ತಂದರೂ ಹಿಂದಿರುಗಿಸುವ ತನಕ ಅವನಿಗೆ ಊಟ ಸೇರುತ್ತಿರಲಿಲ್ಲ. ಕೊಡುವಾಗ ತಂದದ್ದಕ್ಕಿಂತ ಒಂದಿಷ್ಟು ಹೆಚ್ಚೇ. ಅವನು ಸತ್ತ ಮೂರನೆಯ ವರ್ಷ ನೀರು ಬಂತು. ಗೋರಿಗಳನ್ನು ಬಗೆದು ಎಲುಬು ಸಾಗಿಸಲು ಊರಿಗೆ ಎರಡು ತಿಂಗಳು ಸಿಕ್ಕಿತ್ತು. ದೆಯಾನ್ ಆಗ ಬಂದರಿನಲ್ಲಿ ಬೋರ್ಡು ಬರೆಯುತ್ತಿದ್ದ. ಬರುತ್ತೇನೆಂದು ಊರಿಗೆ ಕಾಗದ ಹಾಕಿದ. ಬರಲಿಲ್ಲ. ಅವನ ಎಲ್ಲ ಗೇಲಿಯ ಕೆಳಗೂ ಆ ನೀರು ನಿಂತಿತ್ತು.

ಕಾಲ ಬಳಿ ಒಂದು ಹಾಸುಗಲ್ಲಿನ ಚೂರು ಬಿದ್ದಿತ್ತು. ಎತ್ತಿಕೊಂಡ. ಒರೆಸಿದ. ಅಪ್ಪನ ಹೆಸರಿನ ಮೂರು ಅಕ್ಷರ ಬರೆಯಬೇಕೆನಿಸಿತು. ಕಪ್ಪಿನಲ್ಲಿ ಬರೆಯಲು ಕೈ ಬರಲಿಲ್ಲ. ಕುಂಚ ತಾನಾಗಿ ಕೆಂಪಿನಲ್ಲಿ ಅದ್ದಿತು.

ಬರೆದು ಮುಗಿಸಿದಾಗ ಕಾಗದದ ಮೇಲೆ ಕೆಂಪಿನ ಕಲೆಯೂ ಉಳಿದಿರಲಿಲ್ಲ. ಚೂರನ್ನು ಪೊದೆಯ ಬುಡದಲ್ಲಿ ಒರಗಿಸಿಟ್ಟ. ಮಾವನ ಕಲ್ಲಿನ ಕೆಳಗಿನ ಖಾಲಿ ಜಾಗ ಅವನನ್ನೇ ನೋಡುತ್ತಿತ್ತು. ತಾತನ ಮಾತು ನೆನಪಾಗದೆ ಇರಲಿಲ್ಲ. "ಹೆಸರೇ ಇಲ್ಲದವನಿಗೆ ಯಾವ ಬಣ್ಣವಾದರೇನು," ಎಂದು ಗೊಣಗಿ, ಮಸಿಯಲ್ಲಿ ಕುಂಚದ ತುದಿ ಅದ್ದಿ, ಒಂದು ಚುಕ್ಕಿಯಿಟ್ಟ.

ಬಿದಿರಿನ ಹನಿ ನಿಂತಿತು. ಇಡೀ ಗುಡ್ಡ ಉಸಿರು ಬಿಗಿಹಿಡಿದ ಹಾಗೆ. ಎಲ್ಲಿಂದಲೋ ಕೆಸರಿನ ವಾಸನೆ ಬಂತು: ಕೆರೆಯ ತಳದ ಕಪ್ಪು, ತಣ್ಣನೆಯ, ಹಳೆಯ ಕೆಸರು. ಚುಕ್ಕಿ ಆರಲಿಲ್ಲ. ಕಲ್ಲಿನೊಳಕ್ಕೆ ನಿಧಾನವಾಗಿ ಇಳಿಯಿತು.

"ಆಯ್ತೇನಪ್ಪ?" ಮೇಲಿನಿಂದ ಕ್ವೇ ಅತ್ತೆ ಕೂಗಿದಳು.

"ಆಯ್ತು," ಎಂದ.

*

ಮನೆಗೆ ಬಂದಾಗ ಮಧ್ಯಾಹ್ನ. ಅಂಗಳದಲ್ಲಿ ಕ್ವೇ ಅತ್ತೆ ತಟ್ಟನೆ ನಿಂತಳು.

ಗೇಟಿನಿಂದ ಹೊಸ್ತಿಲಿನವರೆಗೆ ಒದ್ದೆ ಹೆಜ್ಜೆಗಳು. ಬರಿಗಾಲು. ಹೆಜ್ಜೆ ಹೆಜ್ಜೆಯಲ್ಲೂ ಕಪ್ಪು ಕೆಸರು. ಹೊಸ್ತಿಲು ದಾಟಿ, ನಡುಮನೆ ದಾಟಿ, ರೂಯಿನ್ ಮಲಗಿದ್ದ ಕೋಣೆಯೊಳಕ್ಕೆ ಹೋಗಿದ್ದವು. ವಾಪಸ್ ಬಂದ ಹೆಜ್ಜೆ ಒಂದೂ ಇರಲಿಲ್ಲ. ಬಾಗಿಲ ಮೇಲಿನ ನೀರಂಜಿ ಚಿಗುರು ಸುಟ್ಟ ಹಾಗೆ ಸುರುಟಿತ್ತು.

ರೂಯಿನ್ ಎದ್ದು ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ.

"ಯಾರು ಬಂದಿದ್ರು?" ಎಂದಳು. "ನಿದ್ದೆಗಣ್ಣಲ್ಲಿದ್ದೆ. ಯಾರೋ ಪಕ್ಕದಲ್ಲಿ ನಿಂತು ಬಟ್ಟೆ ಹಿಂಡಿದ ಹಾಗೆ ಸದ್ದಾಯ್ತು. ಎಷ್ಟು ಚಳಿ ಆಯ್ತು ಗೊತ್ತಾ... ಅಮ್ಮಾ, ಆಗಿನಿಂದ ಇದು ಒದೀತಿಲ್ಲ."

"ಮಲಗಿರುತ್ತೆ ಬಿಡು," ಎಂದಳು ಕ್ವೇ ಅತ್ತೆ. ಬಗ್ಗಿ ಮಗಳ ಹೊಟ್ಟೆಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಮುಖದಲ್ಲಿ ರಕ್ತವಿರಲಿಲ್ಲ. ಅಳಿಯನ ತೋಳು ಹಿಡಿದು ಹೊರಗೆಳೆದು ತಂದಳು.

"ಎದೆಬಡಿತ ಇಲ್ಲ. ನೀರಿನ ಸದ್ದು. ತುಂಬಾ ನೀರು. ಅದರೊಳಗೆ ಏನೋ ಬಡೀತಿದೆ. ಠಕ್, ಠಕ್, ಠಕ್. ಆಮೇಲೆ ನಿಲ್ಲುತ್ತೆ. ಮತ್ತೆ ಠಕ್, ಠಕ್, ಠಕ್. ಬಕೆಟ್ಟಿಗೆ ಪಟ್ಟಿ ಬಿಗೀತಾರಲ್ಲ, ಹಂಗೆ."

ಅದು ಅಪ್ಪನ ಸುತ್ತಿಗೆಯ ಪೆಟ್ಟು ಎಂದು ದೆಯಾನನಿಗೆ ತಿಳಿಯಿತು. ಹುಟ್ಟಿನಿಂದ ಹದಿನೆಂಟರವರೆಗೆ ಅವನು ಎದ್ದದ್ದೇ ಆ ಸದ್ದಿಗೆ. ಮೂರು ಪೆಟ್ಟು, ಒಂದು ಉಸಿರು. ಮೂರು ಪೆಟ್ಟು, ಒಂದು ಉಸಿರು.

ಅಂಗಡಿಯ ಫೋನಿಗೆ ಓಡಿದ. ಆಸ್ಪತ್ರೆ ಮೂರು ಗಂಟೆಯ ದಾರಿ. ಊರಿನ ಒಂದೇ ಒಂದು ವ್ಯಾನು ಆಚೆ ಕಣಿವೆಗೆ ಜನರನ್ನು ಗೋರಿ ಪೂಜೆಗೆ ಕರೆದೊಯ್ದಿತ್ತು. ಸಂಜೆಗೆ ಮುಂಚೆ ಬರುವುದಿಲ್ಲ. ಅಲ್ಲಿಂದ ಬೋ ತಾತನ ಮನೆಗೆ ಓಡಿದ.

ತಾತ ಅವನ ಮುಖ ನೋಡಿಯೇ ಕೇಳಿದ: "ನಾಲ್ಕನೇ ಚಿಟಿಕೆ ಎಲ್ಲಿ ಹಾಕ್ದೆ?"

ಹೇಳಿದ. ಚೂರುಗಲ್ಲು, ಮೂರು ಅಕ್ಷರ, ಕಪ್ಪು ಚುಕ್ಕಿ. ತೊದಲುತ್ತ ಎಲ್ಲ ಹೇಳಿದ.

ಮುದುಕ ಕೂತಲ್ಲಿಯೇ ಕುಗ್ಗಿದ. "ಮಗು ಜೀವದ ಬಣ್ಣ ಸತ್ತೋನಿಗೆ ಕೊಟ್ಟೆ. ಸತ್ತೋನ ಬಣ್ಣ ಮಗುವಿಗೆ ಇಟ್ಟೆ. ನನ್ನಜ್ಜ ದ್ವೇಷದಿಂದ ಅರ್ಧ ಮಾಡಿದ. ನೀನು ಪ್ರೀತಿಯಿಂದ ಪೂರ್ತಿ ಮಾಡಿಬಿಟ್ಟೆಯಲ್ಲೋ."

"ಇನ್ನೊಂದು ಚಿಟಿಕೆ ಕೊಡಿ ತಾತ! ಈಗಲೇ ಹೋಗಿ ಬಳೀತೀನಿ!"

"ಜೀವಕ್ಕೊಂದೇ ಚಿಟಿಕೆ. ಮಂತ್ರ ಹಾಕಿ ತೆಗೆದದ್ದು ಅಷ್ಟೇ. ಇನ್ನೊಂದು ಕೊಟ್ಟರೆ ಅದು ಬರೀ ಬಣ್ಣ."

"ನನ್ನದನ್ನ ಕೆರೆದು ಹಾಕ್ತೀನಿ. ನನ್ನ ಹೆಸರಿನ ಕೆಂಪು."

"ನಿನ್ನ ಕೆಂಪು ನಿನ್ನನ್ನ ಮಾತ್ರ ಉಳಿಸುತ್ತೆ. ತಗೊಂಡೋನೇ ವಾಪಸ್ ಕೊಡಬೇಕು, ದೆಯಾನ್. ನಿಮ್ಮಪ್ಪನೇ." ತಾತ ಬಾಗಿಲಾಚೆಯ ಬೆಳಕು ನೋಡಿದ. "ಸಂಜೆ ಊರಿನ ಎಲ್ಲ ಒಲೆ ಹೊತ್ತೋವರೆಗೂ ಸಮಯ ಐತೆ. ಬೆಂಕಿ ಹೊತ್ತಿದರೆ ಬಾಗಿಲು ಮುಚ್ಚಿತು. ಒಳಗೆ ಯಾರಿರ್ತಾರೋ ಅವರೇ ಉಳೀತಾರೆ. ಹುಟ್ಟೋದು ಹುಟ್ಟುತ್ತೆ. ಅದು ನಿನ್ನ ಮಗು ಆಗಿರಲ್ಲ."

"ಬೇಡಿಕೊಂಡರೆ ಅಪ್ಪ ಕೊಡ್ತಾನೆ."

"ಕೊಡಬಹುದು. ಕೊಟ್ಟರೆ ಅವನ ಹೆಸರೂ ಅದರ ಜೊತೆ ಹೋಗುತ್ತೆ. ಆ ಹೆಸರಿಂದ ಅವನನ್ನ ಯಾರೂ ಕರೆಯಕ್ಕಾಗಲ್ಲ. ನೀನೂ. ಗೆರೆಯ ಹೊರಗೆ ಅಲೆಯೋರ ಸಾಲಿಗೆ ಸೇರ್ತಾನೆ. ಅದನ್ನ ನೀನೇ ಬಾಯಿಬಿಟ್ಟು ಕೇಳಬೇಕು."

*

ಗುಡ್ಡದ ದಾರಿ ಜಾರುತ್ತಿತ್ತು. ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ಮಂಜು ಬೂದಿಯ ಬಣ್ಣಕ್ಕೆ ತಿರುಗಿತ್ತು. ಎರಡೂ ಕಡೆ ಗೋರಿಗಳ ನೆತ್ತಿಯ ಹಳದಿ ಕಾಗದಗಳು ಗಾಳಿಯಿಲ್ಲದೆ ಪಟಪಟ ಅನ್ನುತ್ತಿದ್ದವು.

ಪೊದೆಯ ಬುಡದಲ್ಲಿ ಚೂರುಗಲ್ಲು ಇತ್ತು. ಇಡೀ ದಿನ ಮಳೆಗೆ ನೆನೆದಿದ್ದರೂ ಕೆಂಪು ಒಂದಿಷ್ಟೂ ಕರಗಿರಲಿಲ್ಲ. ಈಗಷ್ಟೇ ಬರೆದ ಹಾಗೆ ಹೊಳೆಯುತ್ತಿತ್ತು. ಬೆರಳಿನಿಂದ ಉಜ್ಜಿದ. ಹೋಗಲಿಲ್ಲ. ಅಂಗಿಯಿಂದ ಉಜ್ಜಿದ. ಹೋಗಲಿಲ್ಲ. ಕಲ್ಲಿನಿಂದ ಕೆರೆದ. ಕಲ್ಲು ಪುಡಿಯಾಯಿತು. ಉಗುರು ಕಿತ್ತು ರಕ್ತ ಬಂತು, ಹೊತ್ತು ಸಂಜೆಗಿಳಿಯಿತು. ಮೂರು ಅಕ್ಷರ ಹಾಗೇ ಇದ್ದವು, ಬೆಚ್ಚಗೆ. ಮುಟ್ಟಿದರೆ ಒಳಗೆ ನಾಡಿ ಮಿಡಿಯುತ್ತಿತ್ತು. ಪುಟ್ಟ ನಾಡಿ. ಹಕ್ಕಿಮರಿಯ ಎದೆಯಷ್ಟು ವೇಗ.

ಅದು ಅವನ ಮಗುವಿನದು.

ಮಾವನ ಗೋರಿಯ ಮುಂದಿನ ಸುತ್ತುಗೆರೆಯ ನಡುವೆ ಕಲ್ಲನ್ನಿಟ್ಟ. ಹಣೆ ಮಣ್ಣಿಗೆ ಹಚ್ಚಿದ. ಎಂಟು ವರ್ಷದಿಂದ ಯಾರ ಮುಂದೆಯೂ ಬಾಗದ ಹಣೆ. ಅಪ್ಪನ ಹೆಸರು ಹಿಡಿದು ಕೂಗಿದ. ಒಂದು ಸಲ. ಎರಡು ಸಲ.

ಕೆಳಗೆ ಊರಿನ ತುದಿಯಲ್ಲಿ ಒಂದು ಹೊಗೆ ಎದ್ದಿತು. ಯಾರೋ ಮೊದಲ ಒಲೆ ಹೊತ್ತಿಸಿದ್ದರು.

ಮೂರನೆಯ ಸಲ ಕೂಗಿದ.

ಕೆಸರಿನ ವಾಸನೆ. ಅದರೊಳಗೆ ಮರಕ್ಕೆ ಬಳಿಯುವ ಎಣ್ಣೆಯ ವಾಸನೆ. ಚಳಿ. ಹಿಂದೆ ಯಾರೋ ಬಟ್ಟೆ ಹಿಂಡಿದ ಸದ್ದು. ನೀರು ನೆಲಕ್ಕೆ ಸುರಿಯಿತು. ತಿರುಗಿ ನೋಡಿದ.

ಅಪ್ಪ ಒಂದು ಬಂಡೆಯ ಮೇಲೆ ಕೂತು ಅಂಗಿಯ ತುದಿ ಹಿಂಡುತ್ತಿದ್ದ, ಕೆಲಸ ಮುಗಿಸಿದ ಸಂಜೆಗಳಲ್ಲಿ ಹಿಂಡುತ್ತಿದ್ದ ಹಾಗೇ. ಹಿಂಡಿದಷ್ಟೂ ನೀರು ಬರುತ್ತಿತ್ತು. ಮುಖ ನೀರಿನಲ್ಲಿ ಬಹಳ ಕಾಲ ನೆಂದ ಮರದಂತೆ ಬೆಳ್ಳಗಿತ್ತು. ಕೆನ್ನೆ ಮಾತ್ರ ಕೆಂಪಗಿತ್ತು. ಎಳೆಗೂಸಿನ ಕೆನ್ನೆಯ ಕೆಂಪು.

"ಒಳಗೆ ಬೆಚ್ಚಗಿತ್ತು, ಮಗಾ," ಎಂದ ಅಪ್ಪ. "ಎಂಟು ವರ್ಷದ ಮೇಲೆ."

ದೆಯಾನ್ ಅಳುತ್ತಿದ್ದ. "ಅಪ್ಪ..."

"ಯಾರ ಮನೆ ಅಂತ ನನಗೆ ಗೊತ್ತಿರಲಿಲ್ಲ. ಕೆಂಪಗೆ ಬರೆದಿತ್ತು. ಕರೆದ ಹಾಗಾಯ್ತು. ಕಾಗದ ಹಾಕಿದ್ದೆಯಲ್ಲ, ಬರ್ತೀನಿ ಅಂತ. ಈಗ ನೆನಪಾಯ್ತೇನೋ ಅಂದ್ಕೊಂಡೆ."

ಎರಡನೆಯ ಹೊಗೆ. ಮೂರನೆಯದು. ಊರು ಒಲೆಗೆ ಕೂರುತ್ತಿತ್ತು. ಕೆಳಗಿನಿಂದ ಕ್ವೇ ಅತ್ತೆಯ ಕೂಗು ಎಳೆಯಾಗಿ ಕೇಳಿತು: "ದೆಯಾನ್! ದೆಯಾನ್! ಇವಳು ತಣ್ಣಗಾಗ್ತಿದಾಳೆ!"

"ಅಪ್ಪ, ಅದು ನಿನ್ನ ಮೊಮ್ಮಗುವಿನ ಜಾಗ." ಹೇಳಲೇಬೇಕಿತ್ತು. "ಅದರ ಬಣ್ಣ ನಿನ್ನ ಹತ್ತಿರ ಇದೆ. ನಾನೇ ತಪ್ಪಿ ಕೊಟ್ಟೆ. ವಾಪಸ್ ಕೊಡು. ಕೊಟ್ಟರೆ ನಿನ್ನ ಹೆಸರು ಹೋಗುತ್ತೆ. ನಾನು ನಿನ್ನನ್ನ ಇನ್ನು ಯಾವತ್ತೂ... ಗೊತ್ತಿದ್ದೇ ಕೇಳ್ತಿದೀನಿ. ಕೊಡಪ್ಪ."

ಅಂಗಿ ಹಿಂಡುತ್ತಿದ್ದ ಅಪ್ಪನ ಕೈ ನಿಂತಿತು. ಕೆಳಗಿನ ಹೊಗೆಗಳನ್ನು ನೋಡಿದ. ಎಷ್ಟೋ ವರ್ಷದಿಂದ ಅಡುಗೆಯ ಹೊಗೆ ನೋಡದವನು ನೋಡುವ ಹಾಗೆ.

ಮುಂದಿನದು ಶಿಲಿಂಗ್ ಊರಿಗೆಲ್ಲ ಗೊತ್ತು. ಊರಿನ ಒಲೆಗಳೆಲ್ಲ ಹೊತ್ತುವ ಮುಂಚೆ ಗೋರಿಕಲ್ಲಿನ ಚುಕ್ಕಿ ಕೆಂಪಾಯಿತು. ಆ ಹೊತ್ತಿಗೆ ಸರಿಯಾಗಿ ರೂಯಿನ್ ಚೀರಿ ಹೊಟ್ಟೆ ಹಿಡಿದುಕೊಂಡಳು: ಒಳಗಿನಿಂದ ಸಿಟ್ಟಿನ ಒದೆ. ಒಂದು ತಿಂಗಳ ಮೇಲೆ ಹುಟ್ಟಿದವಳು ಗಟ್ಟಿ ಗಂಟಲಿನ ಹೆಣ್ಣುಮಗು. ದೆಯಾನ್ ಈಗ ಆ ಗುಡ್ಡದ ಎಲ್ಲ ಕಲ್ಲುಗಳಿಗೂ ಬಣ್ಣ ತುಂಬುತ್ತಾನೆ, ಕೆಂಪು ಮೊದಲು, ಕಪ್ಪು ಆಮೇಲೆ. ಅವನ ಕೈಯೂ ಸಣ್ಣಗೆ ನಡುಗುತ್ತದೆ. ಅಪ್ಪನ ಹೆಸರೇನೆಂದು ಕೇಳಿದರೆ ಬಾಯಿ ತೆರೆಯುತ್ತಾನೆ, ಹಾಗೇ ಮುಚ್ಚುತ್ತಾನೆ. ಹಳೆಯ ಕಾಗದಪತ್ರಗಳಲ್ಲಿ ಆ ಮೂರು ಅಕ್ಷರಗಳಿದ್ದ ಜಾಗದಲ್ಲಿ ನೀರಿನ ಕಲೆಯಿದೆ. ಪ್ರತಿ ಛಿಂಗ್‌ಮಿಂಗ್‌ಗೂ ಅವನು ಕಾಗದದ ಕಟ್ಟಿನಲ್ಲಿ ಅರ್ಧದಷ್ಟನ್ನು ಗೆರೆಯ ಹೊರಗೆ ಸುಡುತ್ತಾನೆ, ಹಸಿರು ಉಂಡೆಯ ಜೊತೆ ಒಂದು ಹಿಡಿ ಉಪ್ಪನ್ನೂ ಅಲ್ಲಿಡುತ್ತಾನೆ. ಅದನ್ನು ಯಾರು ತೆಗೆದುಕೊಳ್ಳುತ್ತಾರೋ ಅವನಿಗೆ ತಿಳಿಯುವುದಿಲ್ಲ. ಕರೆಯಲು ಹೆಸರಿಲ್ಲ.

ಆದರೆ ಆ ಸಂಜೆ ಗುಡ್ಡದ ಮೇಲೆ ಅಪ್ಪ ಇನ್ನೂ ಕೂತಿದ್ದ.

"ಹಾಗಾದ್ರೆ ಸಾಲ ಆಯ್ತಲ್ಲ," ಎಂದ ಮೆಲ್ಲಗೆ. "ಮೊದಲೇ ಹೇಳಬಾರದಾ? ನೀರು ಕೂಡ ಸೇರುತ್ತಿರಲಿಲ್ಲ ನನಗೆ."

ಎದ್ದ. ಒದ್ದೆ ಹೆಜ್ಜೆಯಿಡುತ್ತ ಬಂದು ಮಗನ ಎದುರು ಮಂಡಿಯೂರಿದ. ಕೆನ್ನೆಯ ಕೆಂಪು ಆಗಲೇ ಇಳಿಯುತ್ತಿತ್ತು. ಬಿಗಿದ ಮುಷ್ಟಿಯನ್ನು ಮಗನ ಅಂಗೈಯ ಮೇಲೆ ತಂದು ಬಿಚ್ಚಿದ. ಅಷ್ಟು ನೀರಿನ ನಡುವೆಯೂ ಒಣಗಿದ್ದ ಕೆಂಪು ಪುಡಿ ಸುರಿಯಿತು. ಬೆರಳ ಸಂದಿಗಳಲ್ಲಿ ಅಂಟಿದ್ದನ್ನೂ ಒಂದೊಂದಾಗಿ ಕೊಡವಿದ. ಆಮೇಲೆ ಮಗನ ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದ.

ಪುಡಿ ಒಂದು ಚಿಟಿಕೆಗಿಂತ ಕೊಂಚ ಹೆಚ್ಚೇ ಇತ್ತು.